ಸಹಾಯ ಬೇಕು: ಬ್ರಿಟಿಷರ ಕಾಲದ ಪ್ಯಾಲೆಸ್ತೀನ್, ಕನ್ನಡದಲ್ಲಿ ನಕ್ಷೆ ಮತ್ತು ಒಂದು ಪದ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡ್ತೀನಿ. 1918ರ ಸೆಪ್ಟೆಂಬರ್ 23ರಂದು ತುರ್ಕರಿಂದ ಪ್ಯಾಲೆಸ್ತೀನಿನ ಬಂದರು ಊರು ಹೈಫಾವನ್ನು ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಯೂ ಇತ್ತು ಅಂತ ಪಾಠ ಮಾಡ್ತಿದ್ದೆ. "ಆಮೇಲೆ ಆ ಊರು ಯಾರದ್ದಾಯ್ತು ಸರ್?" ಅಂದಳು ಒಬ್ಬ ಹುಡುಗಿ. ಒಂದು ಸಾಲಿನ ಉತ್ತರ ಕೊಡೋಕೆ ಮನಸ್ಸು ಬರಲಿಲ್ಲ.

1917ರಲ್ಲಿ ಬ್ರಿಟಿಷ್ ವಿದೇಶಾಂಗ ಸಚಿವ ಬಾಲ್ಫರ್ ಬರೆದ ಪತ್ರ ಯಹೂದಿಗಳಿಗೆ ಪ್ಯಾಲೆಸ್ತೀನಿನಲ್ಲಿ 'ರಾಷ್ಟ್ರೀಯ ನೆಲೆ'ಯ ಮಾತು ಕೊಟ್ಟಿತು. ಅಲ್ಲಿ ಆಗ ಬಹುಸಂಖ್ಯಾತರಾಗಿದ್ದ ಅರಬ್ಬರ ಹೆಸರೇ ಅದರಲ್ಲಿಲ್ಲ, 'ಯಹೂದ್ಯೇತರ ಸಮುದಾಯಗಳು' ಅಂತಷ್ಟೇ ಇದೆ. ಇಡೀ ಕಥೆಯ ಗಂಟು ನನಗೆ ಇಲ್ಲೇ ಕಾಣುತ್ತೆ. 1936ರಲ್ಲಿ ಅರಬ್ಬರು ಬ್ರಿಟಿಷ್ ಆಳ್ವಿಕೆ ಮತ್ತು ಯಹೂದಿ ವಲಸೆಯ ವಿರುದ್ಧ ದಂಗೆ ಎದ್ದರು. ಬ್ರಿಟಿಷ್ ಸರ್ಕಾರ ತನ್ನ ನೀತಿ ತಿಳಿಸಿದ 1939ರ ಶ್ವೇತಪತ್ರ, ಹಿಟ್ಲರನಿಂದ ತಪ್ಪಿಸಿಕೊಂಡು ಬರುವವರು ಹೆಚ್ಚುತ್ತಿದ್ದ ಹೊತ್ತಿನಲ್ಲೇ, ಯಹೂದಿ ವಲಸೆಗೆ 5 ವರ್ಷಕ್ಕೆ 75,000 ಅಂತ ಮಿತಿ ಹಾಕಿತು. ಎರಡೂ ಕಡೆಯ ನೋವನ್ನು ಮಕ್ಕಳಿಗೆ ಸರಿಯಾಗಿ ಹೇಳಬೇಕು.

ಪ್ಯಾಲೆಸ್ತೀನನ್ನು ಅರಬ್ಬರಿಗೂ ಯಹೂದಿಗಳಿಗೂ ಹಂಚಬೇಕು ಅಂದ ಬ್ರಿಟಿಷರ 1937ರ ಪೀಲ್ ಆಯೋಗದ ಮತ್ತು 1947ರ ವಿಶ್ವಸಂಸ್ಥೆಯ ಹಂಚಿಕೆ ನಕ್ಷೆಗಳು, ಊರುಗಳ ಹೆಸರು ಕನ್ನಡದಲ್ಲಿರುವಂಥವು, ಯಾರ ಹತ್ರ ಆದರೂ ಇದ್ದರೆ ದಯವಿಟ್ಟು ಹಾಕಿ. ಆ ಕಾಲದ ಕನ್ನಡ ಪತ್ರಿಕೆಗಳ ತುಣುಕು ಸಿಕ್ಕರಂತೂ ಬಹಳ ಉಪಕಾರ.

ಇನ್ನೊಂದು, 1922ರಲ್ಲಿ ರಾಷ್ಟ್ರಸಂಘ (ಲೀಗ್ ಆಫ್ ನೇಷನ್ಸ್) ಬ್ರಿಟನ್ನಿಗೆ ಒಪ್ಪಿಸಿದ 'ಮ್ಯಾಂಡೇಟ್', ಅಂದರೆ ಪ್ಯಾಲೆಸ್ತೀನಿನ ಆಡಳಿತ ನೋಡಿಕೊಳ್ಳುವ ಹೊಣೆ, ಇದಕ್ಕೆ 'ಆದೇಶ' ಅಂದರೆ ಅರ್ಥ ಕೆಡುತ್ತೆ. 'ಉಸ್ತುವಾರಿ ಆಳ್ವಿಕೆ' ಅನ್ನಬಹುದಾ? ಸೋಮವಾರ ಪಾಠ ಇದೆ.