ಬ್ಯಾಂಕಿನ ದೃಢೀಕರಣ ಆ್ಯಪ್: ಕಟ್ಟಿದವರು, ಬಳಸಿದವರು, ಬೈದವರು ಎಲ್ಲರೂ ಹೇಳಿ

ಕೇಳುತ್ತಿರುವುದು: ಜಯನಗರದ ಸಣ್ಣ ತಂಡ

ನಾವು ಐದು ಜನ ಸೇರಿ ಒಂದು ಸಹಕಾರಿ ಬ್ಯಾಂಕಿಗೆ ಆ್ಯಪ್ ಮಾಡುತ್ತಿದ್ದೇವೆ. ನೆಟ್ ಬ್ಯಾಂಕಿಂಗ್‌ನಲ್ಲಿ ಹಣ ಕಳುಹಿಸುತ್ತಿರುವವರು ಖಾತೆದಾರರೇ ಹೌದೇ ಎಂದು ಖಾತ್ರಿ ಮಾಡಿಕೊಳ್ಳುವುದಷ್ಟೇ ಅದರ ಕೆಲಸ. ಇಷ್ಟು ದಿನ ಎಸ್‌ಎಂಎಸ್ ಒಟಿಪಿಯಲ್ಲೇ ನಡೆಯುತ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಆರ್‌ಬಿಐ ಹೊರಡಿಸಿದ, 2026ರ ಏಪ್ರಿಲ್ 1 ಜಾರಿಯ ದಿನವಾಗಿರುವ ನಿರ್ದೇಶನವು ಎರಡು ಬಗೆಯ ಖಾತ್ರಿ ಬೇಕೆಂಬುದನ್ನು ಹಾಗೆಯೇ ಇಟ್ಟುಕೊಂಡು, ಒಟಿಪಿ ಅಲ್ಲದ ದಾರಿಗಳಿಗೂ ಅವಕಾಶ ಕೊಟ್ಟಿದೆ. ನಮ್ಮ ಗ್ರಾಹಕರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಬೆರಳಚ್ಚು ಸಾಕೇ? ಕನ್ನಡದ ಪರದೆ ಹೇಗಿರಬೇಕು? ಫೋನ್ ಕಳೆದರೆ ಏನು ಗತಿ? ಪುಸ್ತಕದ ಉತ್ತರ ಬೇಡ, ಕೈ ಸುಟ್ಟುಕೊಂಡವರ ಮಾತು ಬೇಕು.

ಇಂಥದ್ದೇ ಒಂದನ್ನು ಕಟ್ಟಿದವನು, ಬಸವನಗುಡಿ

ನಮ್ಮ ಮೊದಲ ಆವೃತ್ತಿ ಸುರಕ್ಷತೆಯ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಯಿತು. ಒಪ್ಪಿಗೆಗೆ ಡಿಜಿಟಲ್ ಸಹಿ ಹಾಕುವ ಗುಟ್ಟಿನ ಕೀಲಿ ಫೋನಿನ ಚಿಪ್ಪಿನೊಳಗೇ ಹುಟ್ಟಿ ಅಲ್ಲೇ ಉಳಿಯುತ್ತಿತ್ತು. ಬ್ಯಾಂಕಿನ ಸರ್ವರ್‌ನಲ್ಲಿ ಇದ್ದದ್ದು ಅದರ ಬಹಿರಂಗ ಜೋಡಿ ಮಾತ್ರ, ಕದ್ದರೂ ಉಪಯೋಗವಿಲ್ಲ. ಬೀಗಿದೆವು. ಆಮೇಲೆ ನಾನು ಶಾಖೆಯೊಂದರ ಬೆಂಚಿನ ಮೇಲೆ ಮೂರು ದಿನ ಕುಳಿತೆ. ನಿವೃತ್ತ ಶಿಕ್ಷಕಿಯೊಬ್ಬರ ಫೋನಿಗೆ, ಅವರ ಒಪ್ಪಿಗೆ ಪಡೆದು, ಪರೀಕ್ಷೆಯ ಕೋರಿಕೆಯೊಂದನ್ನು ಕಳುಹಿಸಿದೆ. ‘ಹೊಸ ಕೋರಿಕೆ ಬಂದಿದೆ’ ಎಂಬ ಸಾಲು, ಕೆಳಗೆ ‘ಸ್ವೀಕರಿಸಿ’, ‘ನಿರಾಕರಿಸಿ’. ಅವರು ಕನ್ನಡಕವನ್ನು ಡಬ್ಬಿಯಿಂದ ತೆಗೆಯಲೂ ಇಲ್ಲ, ಹಸಿರು ಗುಂಡಿಯನ್ನು ಒತ್ತಿಬಿಟ್ಟರು. ‘ಏನು ಬಂದಿತ್ತು ಮೇಡಂ?’ ಎಂದೆ. ‘ಬ್ಯಾಂಕಿನವರು ಏನೋ ಕೇಳಿದರಪ್ಪ, ಕೊಟ್ಟೆ’ ಎಂದರು.

ಅವರನ್ನು ದೂರಿ ಫಲವಿಲ್ಲ. ಏನು ಹೋಗುತ್ತಿದೆ, ಯಾರಿಗೆ ಹೋಗುತ್ತಿದೆ ಎಂದು ನಾವು ಹೇಳಿಯೇ ಇರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಊಬರ್ ಕಂಪನಿಯ ಒಳಗೆ ನುಗ್ಗಿದವನೂ ಇಂಥದ್ದೇ ಕೋರಿಕೆಯನ್ನು ಒಬ್ಬ ಗುತ್ತಿಗೆ ಕೆಲಸಗಾರನಿಗೆ ಮೇಲಿಂದ ಮೇಲೆ ಕಳುಹಿಸಿ, ಕೊನೆಗೆ ಒಪ್ಪಿಗೆ ಗಿಟ್ಟಿಸಿಕೊಂಡ. ಅದಕ್ಕೆ ಮದ್ದಾಗಿ, ಕಂಪ್ಯೂಟರಿನಲ್ಲಿ ಕಂಡ ಎರಡಂಕಿಯನ್ನು ಫೋನಿನಲ್ಲಿ ಬರೆಯುವ ಪದ್ಧತಿ ಬಂತು. ಮೈಕ್ರೋಸಾಫ್ಟ್ 2023ರ ಮೇ ತಿಂಗಳಲ್ಲಿ ತನ್ನ ಆ್ಯಪ್‌ನಲ್ಲಿ ಅದನ್ನು ಎಲ್ಲರಿಗೂ ಜಾರಿಗೊಳಿಸಿತು. ಕಚೇರಿಯ ಲಾಗಿನ್‌ಗೆ ಅದು ಒಳ್ಳೆಯದೇ. ಬ್ಯಾಂಕಿಗೆ ಸಾಲದು. ಏಕೆಂದರೆ ಇಲ್ಲಿ ಕಳ್ಳ ಫೋನಿನ ಲೈನಿನಲ್ಲೇ ಇರುತ್ತಾನೆ. ‘ನಲವತ್ತೇಳು ಒತ್ತಿ ಸಾರ್’ ಎಂದು ಮರ್ಯಾದೆಯಿಂದಲೇ ಹೇಳಿಕೊಡುತ್ತಾನೆ.

ಎರಡನೆಯ ಆವೃತ್ತಿಯಲ್ಲಿ ಪರದೆಯ ಅರ್ಧ ಭಾಗವನ್ನು ಮೊತ್ತಕ್ಕೇ ಬಿಟ್ಟೆವು. ‘ನಿಮ್ಮ ಖಾತೆಯಿಂದ ₹48,000 ಹೋಗುತ್ತದೆ.’ ಕೆಳಗೆ ಪಡೆಯುವವರ ಹೆಸರು, ‘ಇವರಿಗೆ ಮೊದಲ ಸಲ ಕಳುಹಿಸುತ್ತಿದ್ದೀರಿ’ ಎಂಬ ಎಚ್ಚರಿಕೆ. ಗುಂಡಿಗಳು ‘ಹಣ ಕಳುಹಿಸಿ’ ಮತ್ತು ‘ಇದು ನಾನಲ್ಲ’. ಫೋನು ಹಾಕುವ ಡಿಜಿಟಲ್ ಸಹಿ ಆ ಮೊತ್ತಕ್ಕೂ ಆ ಹೆಸರಿಗೂ ಸೇರಿಯೇ ಇರುತ್ತದೆ, ನಡುವೆ ಒಂದು ಸೊನ್ನೆ ಬದಲಾದರೂ ಸಹಿ ಕೂಡುವುದಿಲ್ಲ. ಕರೆ ನಡೆಯುತ್ತಿದೆಯೇ ಎಂಬುದು ಆಂಡ್ರಾಯ್ಡ್‌ನಲ್ಲಿ ಆ್ಯಪ್‌ಗೆ ಗೊತ್ತಾಗುತ್ತದೆ, ವಾಟ್ಸ್‌ಆ್ಯಪ್ ಕರೆಯೂ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಆಗ ಗುಂಡಿಯನ್ನೇ ತೋರಿಸದೆ, ‘ಮೊದಲು ಕರೆ ಮುಗಿಸಿ’ ಎನ್ನುತ್ತೇವೆ.

ಯುಪಿಐ ಕಥೆಯನ್ನೂ ನೆನಪಿಡಿ. ಹಣ ಪಡೆಯಲು ಪಿನ್ ಬೇಕಿಲ್ಲ ಎಂದು ವರ್ಷಗಟ್ಟಲೆ ಸಾರಿದರೂ, ಹಣ ಬರುತ್ತದೆಂದು ನಂಬಿ ಪಿನ್ ಹಾಕಿ ಕಳೆದುಕೊಂಡವರು ಎಷ್ಟೋ ಮಂದಿ. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ, ಹಣ ಕೇಳುವ ‘ಕಲೆಕ್ಟ್’ ಕೋರಿಕೆಯನ್ನೇ ಕೊನೆಗೆ 2025ರ ಅಕ್ಟೋಬರ್ 1ರಿಂದ ನಿಲ್ಲಿಸಬೇಕಾಯಿತು.

ಪರದೆಗಳ ಕನ್ನಡ ತಿದ್ದುವವಳು, ಮಲ್ಲೇಶ್ವರ

‘ಸ್ವೀಕರಿಸಿ’, ‘ನಿರಾಕರಿಸಿ’ ಎರಡರ ಬಾಲವೂ ‘ಕರಿಸಿ’. ಅವಸರದ ಕಣ್ಣು ಬಾಲವನ್ನೇ ಓದುತ್ತದೆ. ಮೇಲಿನವರು ಅದನ್ನು ಕಿತ್ತು ಹಾಕಿದ್ದು ಪುಣ್ಯದ ಕೆಲಸ. ‘ದೃಢೀಕರಿಸಿ’ಯನ್ನೂ ಜೊತೆಗೇ ಕಳುಹಿಸಿಬಿಡಿ.

ಇನ್ನೊಂದು ಮಾತು. ಇಂಗ್ಲಿಷಿಗೆ ಅಳೆದು ಮಾಡಿದ ಗುಂಡಿಯಲ್ಲಿ ಕನ್ನಡ ತುಂಬಿದರೆ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತದೆ. ‘ರದ್ದು’ ಎಂಬುದು ‘ರದು’ ಆಗಿ ನಿಂತಿದ್ದನ್ನು ನಾನೇ ಕಂಡಿದ್ದೇನೆ. ಹಿರಿಯರು ಅಕ್ಷರವನ್ನು ದೊಡ್ಡದು ಮಾಡಿಕೊಂಡಿರುತ್ತಾರೆ, ಆಗ ಇನ್ನೂ ಅನಾಹುತ. ಫೋನಿನ ಅಕ್ಷರದ ಗಾತ್ರವನ್ನು ಕೊನೆಯ ಮಟ್ಟಕ್ಕೆ ಏರಿಸಿ ನೋಡದೆ ಯಾವ ಪರದೆಯನ್ನೂ ಬಿಡುಗಡೆ ಮಾಡಬೇಡಿ. ಅಂಕಿಗಳ ವಿಷಯದಲ್ಲಿ ಮನಸ್ಸು ಕಲ್ಲು ಮಾಡಿಕೊಂಡು ಹೇಳುತ್ತೇನೆ: 1, 2, 3 ಇರಲಿ. ೬ ಮತ್ತು ೯ರ ಮುಂದೆ ತಡವರಿಸುವವರು ಕನ್ನಡ ಶಾಲೆಯಲ್ಲಿ ಓದಿದವರಲ್ಲೂ ಇದ್ದಾರೆ.

ಪಾತ್ರೆ ಅಂಗಡಿಯವನು, ಚಿಕ್ಕಪೇಟೆ

ಬೆರಳಚ್ಚು ಸಾಕೇ ಎಂದಿರಲ್ಲ, ನನ್ನನ್ನು ಕೇಳಿ. ಹಿತ್ತಾಳೆ ತಿಕ್ಕಿ ತಿಕ್ಕಿ ಹೆಬ್ಬೆರಳು ನುಣ್ಣಗಾಗಿದೆ, ನನ್ನದೇ ಫೋನು ನನ್ನನ್ನು ಗುರುತಿಸುವುದಿಲ್ಲ. ಗಾರೆ ಕೆಲಸದವರದ್ದೂ ಇದೇ ಪಾಡು. ಪಿನ್ ಇರಲೇಬೇಕು, ಅದೂ ಮೂರು ಸಲ ಬೆರಳು ಸೋತ ಮೇಲಲ್ಲ, ಮೊದಲ ಪರದೆಯಲ್ಲೇ.

ಗೋದಾಮು ನೆಲಮಾಳಿಗೆಯಲ್ಲಿದೆ, ಸಿಗ್ನಲ್ ಇಲ್ಲ. ಒಟಿಪಿಗಾಗಿ ಮೆಟ್ಟಿಲು ಹತ್ತಿ ರಸ್ತೆಗೆ ಬಂದು ನಿಲ್ಲುತ್ತೇನೆ. ಅದು ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ಆ್ಯಪ್‌ಗಳನ್ನು ಒಡೆದು ನೋಡುವ ಕೆಲಸದವನು, ಇಂದಿರಾನಗರ

ಚಿಕ್ಕಪೇಟೆಯವರಿಗೆ: ಇಂಟರ್‌ನೆಟ್ ಇಲ್ಲದೆಯೂ ಫೋನು ತಾನೇ 30 ಸೆಕೆಂಡಿಗೊಮ್ಮೆ ಹೊಸ ಅಂಕಿ ಹುಟ್ಟಿಸುವ ವಿಧಾನ 2011ರಿಂದಲೇ ಪ್ರಮಾಣಿತವಾಗಿದೆ. ಫೋನಿನ ಗಡಿಯಾರ ಸರಿಯಿದ್ದರೆ ಸಾಕು. ಆದರೆ ಆ ಅಂಕಿಗೆ ಮೊತ್ತವೂ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ. ಹಾಗಾಗಿ ಹಳೆಯ ವ್ಯಾಪಾರಿಗಳಿಗೆ ಹೋಗುವ ಸಣ್ಣ ಮೊತ್ತಕ್ಕೆ ಮಾತ್ರ ಇಡಿ.

ತಂಡಕ್ಕೆ: ಸಂಚಾರ ದಂಡದ ಚಲನ್ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ, ಆ್ಯಪ್ ಅಳವಡಿಸುವ ನಕಲಿ ಎಪಿಕೆ ಕಡತಗಳು ಎಸ್‌ಎಂಎಸ್ ಓದುತ್ತವೆ, ಕೆಲವು ಅಂಗವಿಕಲರ ನೆರವಿಗೆಂದು ಇರುವ ‘ಆಕ್ಸೆಸಿಬಿಲಿಟಿ’ ಅನುಮತಿ ಪಡೆದು ಪರದೆಯನ್ನೂ ಓದುತ್ತವೆ. ಇದಕ್ಕೆ ಹೆದರಿ ಆ ಸೌಲಭ್ಯ ಚಾಲೂ ಇರುವ ಎಲ್ಲ ಫೋನುಗಳನ್ನೂ ಹೊರಗಿಟ್ಟರೆ, ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬಳಸುವ ಅಂಧ ಗ್ರಾಹಕರಿಗೆ ಬಾಗಿಲು ಹಾಕಿದಂತೆ. ನಾನು ಹಿಂದೆ ಇದೇ ತಪ್ಪನ್ನು ಸಲಹೆಯಾಗಿ ಬರೆದುಕೊಟ್ಟಿದ್ದೆ. ಯಾವ ಆ್ಯಪ್ ಆ ಅನುಮತಿ ಪಡೆದಿದೆ ಎಂದು ನೋಡಿ ತಡೆಯಿರಿ.

ಕೌಂಟರಿನಲ್ಲಿ ಮೂವತ್ತು ವರ್ಷ ಕುಳಿತವನು, ರಾಜಾಜಿನಗರ

ಕರೆ ನಡೆಯುವಾಗ ಗುಂಡಿಯನ್ನೇ ಮುಚ್ಚುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮ ಬಡಾವಣೆಯಲ್ಲಿ ಅರ್ಧ ಮನೆಗಳ ಮಕ್ಕಳು ಹೊರದೇಶದಲ್ಲಿದ್ದಾರೆ. ಮಗಳು ವಾಟ್ಸ್‌ಆ್ಯಪ್‌ನಲ್ಲಿ ‘ಅಪ್ಪಾ, ಈಗ ಕೆಳಗಿನದನ್ನು ಒತ್ತು’ ಎನ್ನದೆ ಹೋದರೆ ವಿದ್ಯುತ್ ಬಿಲ್ಲೂ ಕಟ್ಟಲಾಗುವುದಿಲ್ಲ. ಹೊಸಬರಿಗೆ ಹಣ ಹೋಗುವಾಗ ಮಾತ್ರ ಮುಚ್ಚಿ.

ನಿಮ್ಮ ಮೂರನೆಯ ಪ್ರಶ್ನೆಯೇ ದೊಡ್ಡದು. ‘ಮೊಮ್ಮಗ ಹೊಸ ಫೋನ್ ಕೊಡಿಸಿದ’ ಎಂದು ನಗುತ್ತಾ ಬರುವವರನ್ನು ಎಲ್ಲಿಂದ ಒಳಗೆ ಬಿಡುತ್ತೀರಿ? ಒಂದು ಎಸ್‌ಎಂಎಸ್‌ನಿಂದ ಆದರೆ, ಮುಂಬಾಗಿಲಿಗೆ ಉಕ್ಕಿನ ಚಿಲಕ ಹಾಕಿ ಹಿತ್ತಿಲ ಬಾಗಿಲಿಗೆ ಹಗ್ಗ ಕಟ್ಟಿದಂತೆ. ಸಿಮ್ ಬದಲಾಯಿಸಿಕೊಂಡವರು ಏಳು ದಿನ ಬೇರೆ ಕಂಪನಿಗೆ ನಂಬರ್ ಒಯ್ಯುವಂತಿಲ್ಲ ಎಂಬ, ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮ 2024ರ ಜುಲೈ 1ರಿಂದ ಇದೆ, ಸರಿ. ಅದೇ ಕಂಪನಿಯಲ್ಲಿ ನಿಮ್ಮ ಹೆಸರಿನಲ್ಲಿ ನಕಲಿ ಸಿಮ್ ಪಡೆಯುವವನನ್ನು ಅದು ತಡೆಯುವುದಿಲ್ಲ. ಡೆಬಿಟ್ ಕಾರ್ಡ್ ಹಾಕಿ ಎಟಿಎಂನಲ್ಲಿ, ಇಲ್ಲವೇ ಶಾಖೆಯಲ್ಲಿ ಮುಖ ತೋರಿಸಿ ಹೊಸ ಫೋನ್ ನೋಂದಾಯಿಸಲಿ. ಮೊದಲ ದಿನ ಮಿತಿ ಕಡಿಮೆ ಇರಲಿ, ಹಳೆಯ ಫೋನಿಗೂ ಸುದ್ದಿ ಹೋಗಲಿ.

ಖಾತೆ ತಡೆಯುವ ಗುಂಡಿ ಲಾಗಿನ್ ಆಗದೆಯೂ ಸಿಗಬೇಕು, ಪಕ್ಕದಲ್ಲೇ ಸೈಬರ್ ವಂಚನೆಯ ದೂರಿಗೆ 1930 ಸಹಾಯವಾಣಿ. 2017ರಲ್ಲಿ ಆರ್‌ಬಿಐ ಹೊರಡಿಸಿದ ನಿಯಮದಲ್ಲಿ, ಗ್ರಾಹಕರೇ ಎಡವಿ ಪಿನ್ ಹೇಳಿಬಿಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಹೋದ ಹಣ ಬ್ಯಾಂಕಿನ ಹೊಣೆ. ಆ ಗುಂಡಿ ಹುಡುಕಲು ಹಿಡಿಯುವ ಪ್ರತಿ ನಿಮಿಷ ಗ್ರಾಹಕರ ಜೇಬಿನದು. ಮೂರು ಮೆನುಗಳ ಒಳಗೆ ಅದನ್ನು ಬಚ್ಚಿಟ್ಟವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಕೇಳಿದವರಿಂದ, ಮರುದಿನ

ಎಲ್ಲರಿಗೂ ವಂದನೆ. ಪಿನ್ನನ್ನು ಮೊದಲ ಪರದೆಗೆ ತಂದಿದ್ದೇವೆ. ಹೊಸ ಫೋನಿನ ನೋಂದಣಿ ನಮ್ಮಲ್ಲೂ ಒಂದೇ ಎಸ್‌ಎಂಎಸ್‌ನಿಂದ ಆಗುತ್ತಿತ್ತು; ಬ್ಯಾಂಕಿನವರೊಂದಿಗೆ ಸೋಮವಾರ ಕೂರುತ್ತೇವೆ, ಜಗಳವಾಗುವುದು ಖಂಡಿತ. ಮಲ್ಲೇಶ್ವರದವರ ಮಾತು ಕೇಳಿ ಅಕ್ಷರ ದೊಡ್ಡದು ಮಾಡಿ ನೋಡಿದೆವು. ‘ಇದು ನಾನಲ್ಲ’ ಎಂಬಲ್ಲಿ ಲ-ಒತ್ತು ಕಾಣುತ್ತಿಲ್ಲ.