ಪೆಟ್ರೋಲೋ, ಹೈಬ್ರಿಡ್ಡೋ: ಕಾಂಪ್ಯಾಕ್ಟ್ ಎಸ್‌ಯುವಿ ಕೊಂಡವರು ಅನುಭವ ತಿಳಿಸಿ

ತುಮಕೂರು ನಿವಾಸಿ (ಪ್ರಶ್ನೆ): ಹಳೆಯ ಹ್ಯಾಚ್‌ಬ್ಯಾಕ್ ಕೊಟ್ಟು ಕಾಂಪ್ಯಾಕ್ಟ್ ಎಸ್‌ಯುವಿ ಕೊಳ್ಳಬೇಕೆಂದಿದ್ದೇವೆ. ವರ್ಷಕ್ಕೆ ಸುಮಾರು 15,000 ಕಿ.ಮೀ. ಓಡಾಟವಿದೆ, ಹೆಚ್ಚಿನದು ಹೆದ್ದಾರಿಯಲ್ಲಿ. ಪೆಟ್ರೋಲ್ ಮಾದರಿಗೂ ಸ್ಟ್ರಾಂಗ್ ಹೈಬ್ರಿಡ್‌ಗೂ (ಪೆಟ್ರೋಲ್ ಎಂಜಿನ್ ಜೊತೆಗೆ, ಸ್ವಲ್ಪ ದೂರ ತಾನೇ ಗಾಡಿ ಓಡಿಸಬಲ್ಲ ಬ್ಯಾಟರಿ-ಮೋಟಾರು ಇರುವುದು) ಶೋರೂಂ ಬೆಲೆಯಲ್ಲಿ ಮೂರು ಲಕ್ಷ ರೂಪಾಯಿ ಅಂತರವಿದೆ. ತಾಯಿಯ ಗಾಲಿಕುರ್ಚಿ ಡಿಕ್ಕಿಯಲ್ಲಿ ಹಿಡಿಸಬೇಕು. ಯಾವುದನ್ನು ಆರಿಸಲಿ?

ಹೆಬ್ಬಾಳದ ಚಾಲಕ: ಕಣ್ಣು ಮುಚ್ಚಿಕೊಂಡು ಹೈಬ್ರಿಡ್ ತೆಗೆದುಕೊಳ್ಳಿ. ನಾನು ದಿನವೂ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ದಾಟಿ ಕಚೇರಿಗೆ ಹೋಗುವವನು. ಹೊರವರ್ತುಲ ರಸ್ತೆಯಲ್ಲಿ ಗಾಡಿಗಳು ತೆವಳುತ್ತಿರುವಾಗ ಅಕ್ಕಪಕ್ಕದವರ ಎಂಜಿನ್‌ಗಳು ಸುಮ್ಮನೆ ಪೆಟ್ರೋಲ್ ಕುಡಿಯುತ್ತಿರುತ್ತವೆ. ನನ್ನದು ಎ.ಸಿ. ಹಾಕಿದ್ದರೂ ಎಂಜಿನ್ ಆರಿಸಿಕೊಂಡು ಬ್ಯಾಟರಿಯಲ್ಲಿ ಸಾಗುತ್ತದೆ, ಪ್ರತಿ ಬ್ರೇಕಿಗೂ ಒಂದಿಷ್ಟು ಚಾರ್ಜ್ ಮರಳಿ ಪಡೆಯುತ್ತದೆ. ಟ್ಯಾಂಕಿನಿಂದ ಟ್ಯಾಂಕಿಗೆ ಅಳೆದರೆ ನಗರದೊಳಗೇ ಲೀಟರಿಗೆ 21 ಕಿ.ಮೀ. ಸಿಗುತ್ತಿದೆ. ಮೊದಲಿದ್ದ ಪೆಟ್ರೋಲ್ ಆಟೊಮ್ಯಾಟಿಕ್ 11 ದಾಟಿದರೆ ಅದೇ ಹಬ್ಬವಾಗಿತ್ತು.

ಮೈಸೂರಿನ ನಿವೃತ್ತ ಬ್ಯಾಂಕ್ ಅಧಿಕಾರಿ: ಹಬ್ಬದ ಖರ್ಚನ್ನೂ ಬರೆಯಬೇಕಿತ್ತು. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದವರೆಗಿನ ಕಾರಿಗೆ ಆಜೀವ ತೆರಿಗೆ ಶೇ 17, ಆ ತೆರಿಗೆಯ ಮೇಲೆ ಶೇ 11 ಸೆಸ್. ಹಾಗಾಗಿ ಮೂರು ಲಕ್ಷದ ಅಂತರ ರಸ್ತೆಗೆ ಇಳಿಯುವಷ್ಟರಲ್ಲಿ 3,56,610 ರೂಪಾಯಿ ಆಗುತ್ತದೆ. ವಿಮೆಯ ಕಂತಿನ ಹೆಚ್ಚಳವನ್ನು ನಾನು ಸೇರಿಸಿಯೇ ಇಲ್ಲ. ಪೆಟ್ರೋಲ್ ಗಾಡಿ ಲೀಟರಿಗೆ 13, ಹೈಬ್ರಿಡ್ 21 ಕೊಡುತ್ತದೆಂದೂ ಪೆಟ್ರೋಲ್ ಬೆಲೆ 103 ರೂಪಾಯಿ ಎಂದೂ ಹಿಡಿದರೆ ಸಾವಿರ ಕಿ.ಮೀ.ಗೆ ಉಳಿಯುವುದು ಮೂರು ಸಾವಿರದ ಆಸುಪಾಸು. ಅಂದರೆ ಹೆಚ್ಚುವರಿ ಹಣ ಮರಳಲು 1,18,000 ಕಿ.ಮೀ. ಓಡಿಸಬೇಕು. ಸಾಲದ ಮೇಲೆ ಕೊಂಡವರು ಬಡ್ಡಿಯನ್ನೂ ಕೂಡಿಸಿಕೊಳ್ಳಲಿ. ಈ ಲೆಕ್ಕವನ್ನು ಶೋರೂಂ ಹುಡುಗನ ಮುಂದಿಟ್ಟಾಗ ಅವನು ಚಹಾ ತರಿಸಲು ಎದ್ದುಹೋದ. ನಾನು ಪೆಟ್ರೋಲ್ ಮ್ಯಾನುಯಲ್ ಕೊಂಡೆ, ಉಳಿದ ಹಣವನ್ನು ಠೇವಣಿ ಇಟ್ಟೆ.

ಹೆಬ್ಬಾಳದ ಚಾಲಕ: ನಿಮ್ಮ ಮ್ಯಾನುಯಲ್ ಗಾಡಿಯನ್ನು ಒಂದು ವಾರ ಮಾರತ್‌ಹಳ್ಳಿಯಲ್ಲಿ ಓಡಿಸಿ, ಎಡಗಾಲಿನ ಠೇವಣಿಗೆ ಎಷ್ಟು ಬಡ್ಡಿ ಬರುತ್ತದೆಂದು ನೋಡೋಣ. ಇನ್ನು, ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲಿನಲ್ಲಿ ಶಕ್ತಿ ಮೂರನೇ ಒಂದು ಭಾಗದಷ್ಟು ಕಡಿಮೆ. ನೀವು ಹಿಡಿದ 13 ಅಷ್ಟೇ ನಿಲ್ಲುವುದಿಲ್ಲ.

ಮೈಸೂರಿನ ನಿವೃತ್ತ ಬ್ಯಾಂಕ್ ಅಧಿಕಾರಿ: ಎಥೆನಾಲ್ ನಿಮ್ಮ ಟ್ಯಾಂಕಿಗೆ ಬರುವಾಗ ಹಾಲಾಗಿ ಬದಲಾಗುವುದಿಲ್ಲ, ಸ್ವಾಮಿ. 21 ಕೂಡ ಇಳಿಯುತ್ತದೆ.

ಮೂಡಿಗೆರೆಯ ಕಾಫಿ ಬೆಳೆಗಾರ: ಇಬ್ಬರೂ ಸಮತಟ್ಟು ರಸ್ತೆಯ ಮಾತಾಡುತ್ತಿದ್ದೀರಿ. ನನ್ನದು ಹೈಬ್ರಿಡ್. ಅದರ ಬ್ಯಾಟರಿಯಲ್ಲಿ ಒಂದು ಯೂನಿಟ್ ವಿದ್ಯುತ್ತೂ ಹಿಡಿಸುವುದಿಲ್ಲ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಅರ್ಧ ದಾರಿಗೇ ತುಂಬಿಕೊಳ್ಳುತ್ತದೆ. ಮಿಕ್ಕ ಇಳಿಜಾರಿನ ಶಕ್ತಿಯೆಲ್ಲ ಎಂಜಿನ್ ಬ್ರೇಕಿಂಗ್‌ನಲ್ಲಿ ಶಬ್ದವಾಗಿ ಹೋಗುತ್ತದೆ. ಹತ್ತುವಾಗಲೂ ಗಾಡಿಗಿಂತ ಮುಂಚೆ ಅದರ ಸದ್ದು ಮೇಲೆ ತಲುಪಿರುತ್ತದೆ. ಮೈಲೇಜ್ ಪರೀಕ್ಷೆಯಲ್ಲಿ ಬಂದ ಲೀಟರಿಗೆ 27.97 ಕಿ.ಮೀ. ಎಂಬ ಅಂಕಿಯನ್ನು ಘಟ್ಟದವರು ಮರೆಯುವುದೇ ಒಳ್ಳೆಯದು.

ಅದಾದರೂ ಸಹಿಸಬಹುದು. ಮಳೆಗಾಲದಲ್ಲಿ ಶೆಡ್ಡಿನಲ್ಲಿ ನಿಲ್ಲಿಸಿದ್ದಾಗ ಇಲಿ ವೈರಿಂಗ್ ಕಡಿಯಿತು. ತುಂಡಾದದ್ದು ನಾಲ್ಕು ಎಳೆ, ಆದರೆ ಇಡೀ ಹಾರ್ನೆಸ್ (ವೈರುಗಳ ಕಟ್ಟು) ಬದಲಿಸಬೇಕೆಂದರು. ಬಿಡಿಭಾಗಕ್ಕೆ 58,400, ಕೂಲಿ 9,200, ಅದರ ಮೇಲೆ ಜಿಎಸ್‌ಟಿ, ಚಿಕ್ಕಮಗಳೂರಿಗೆ ಎಳೆದೊಯ್ದ ಬಾಡಿಗೆ 4,500. ವಿಮೆಯವರು ಸವಕಳಿ ಕಳೆದು ಅರ್ಧಕ್ಕೆ ಇಳಿಸಿದರು. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆಯಲ್ಲ ಎಂದು ಕೇಳಿದ್ದಕ್ಕೆ, ಇಲಿಗೆ ವಾರಂಟಿ ಅನ್ವಯಿಸುವುದಿಲ್ಲ ಎಂಬ ಉತ್ತರ ಬಂತು. ಮುಂದಿನ ಬೇಸಿಗೆಯಲ್ಲಿ ಎಚ್ಚರಿಕೆಯ ದೀಪ ಹೊತ್ತಿತು. ಹಿಂದಿನ ಸೀಟಿನ ಬಳಿ ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿಯಲ್ಲಿ ನಮ್ಮ ನಾಯಿಯ ಕೂದಲು ಕಟ್ಟಿಕೊಂಡಿತ್ತಂತೆ. ಆ ಜಾಲರಿಯನ್ನು ಆಗಾಗ ಸ್ವಚ್ಛಗೊಳಿಸಬೇಕೆಂದು ಮಾರುವಾಗ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಮಂಗಳೂರಿನ ಪ್ರಯಾಣಿಕ: ಇಲಿ ಪೆಟ್ರೋಲ್ ಗಾಡಿಯ ವೈರನ್ನೂ ಕಡಿಯುತ್ತದೆ. ಅದನ್ನು ಹೈಬ್ರಿಡ್ ತಂತ್ರಜ್ಞಾನದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಮೂಡಿಗೆರೆಯ ಕಾಫಿ ಬೆಳೆಗಾರ: ನನ್ನ ಹಳೆಯ ಜೀಪಿನ ವೈರನ್ನೂ ಕಡಿದಿತ್ತು. ಊರಿನ ಎಲೆಕ್ಟ್ರಿಷಿಯನ್ ಟೇಪು ಸುತ್ತಿ 300 ರೂಪಾಯಿ ತೆಗೆದುಕೊಂಡಿದ್ದ. ಹೈಬ್ರಿಡ್ಡಿನ ಕಿತ್ತಳೆ ಬಣ್ಣದ ಹೈ-ವೋಲ್ಟೇಜ್ ಕೇಬಲ್ ಕಂಡರೆ ಅವನು ಬಾನೆಟ್ ಮುಚ್ಚಿ ಕೈಮುಗಿಯುತ್ತಾನೆ. ವ್ಯತ್ಯಾಸ ಅಲ್ಲಿದೆ.

ಮಂಗಳೂರಿನ ಪ್ರಯಾಣಿಕ: ಇರಲಿ. ನಾನು ಪೆಟ್ರೋಲ್ ಮ್ಯಾನುಯಲ್‌ನಲ್ಲಿ ಶಿರಾಡಿ ಹತ್ತಿ ಇಳಿಯುತ್ತಿರುತ್ತೇನೆ, ಹೆದ್ದಾರಿಯಲ್ಲಿ ಲೀಟರಿಗೆ 18 ಕಾಣುತ್ತೇನೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವವರಿಗೆ ಹೈಬ್ರಿಡ್‌ನ ಲಾಭ ತೆಳುವಾಗುತ್ತದೆ, ಏಕೆಂದರೆ ಬ್ರೇಕ್ ಹಾಕದಿದ್ದರೆ ಮರಳಿ ಪಡೆಯುವುದಕ್ಕೇನೂ ಇರುವುದಿಲ್ಲ. ಗಾಲಿಕುರ್ಚಿಯ ಮಾತನ್ನು ಯಾರೂ ಎತ್ತಲಿಲ್ಲ: ಬ್ಯಾಟರಿ ಹಿಂಬದಿಯಲ್ಲಿ ಕುಳಿತ ಗಾಡಿಗಳಲ್ಲಿ ಡಿಕ್ಕಿಯ ನೆಲ ಎತ್ತರವಾಗಿರುತ್ತದೆ. ಕುರ್ಚಿಯನ್ನು ಶೋರೂಮಿಗೇ ಒಯ್ದು ಇಟ್ಟು ನೋಡಿ.

ಹೆಬ್ಬಾಳದ ಚಾಲಕ: ಸರ್ಕಾರ ಮನಸ್ಸು ಮಾಡಿದ್ದರೆ ಈ ಲೆಕ್ಕಾಚಾರವೇ ಬೇಕಿರಲಿಲ್ಲ. ಟೊಯೋಟಾದ ಹೈರೈಡರ್ ಎಸ್‌ಯುವಿ ತಯಾರಾಗುವುದು ನಮ್ಮ ಬಿಡದಿಯಲ್ಲಿ. ಅದರ ಸ್ಟ್ರಾಂಗ್ ಹೈಬ್ರಿಡ್‌ಗೆ ನೋಂದಣಿ ತೆರಿಗೆ ಬಿಟ್ಟುಕೊಟ್ಟದ್ದು ಮಾತ್ರ 2024ರ ಜುಲೈನಲ್ಲಿ ಉತ್ತರ ಪ್ರದೇಶ. ಅದಕ್ಕೆ ಒಂದು ತಿಂಗಳ ಹಿಂದೆ ನಮ್ಮವರು ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಏರಿಸಿ ಲೀಟರಿಗೆ ಮೂರು ರೂಪಾಯಿ ಹೆಚ್ಚು ಕೊಡುವಂತೆ ಮಾಡಿದ್ದರು.

ಮೈಸೂರಿನ ನಿವೃತ್ತ ಬ್ಯಾಂಕ್ ಅಧಿಕಾರಿ: ಹದಿನೆಂಟು ಲಕ್ಷದ ಕಾರು ಕೊಳ್ಳಬಲ್ಲವರಿಗೆ ಬಸ್ಸಿನಲ್ಲಿ ಹೋಗುವವನ ತೆರಿಗೆ ಹಣದಿಂದ ರಿಯಾಯಿತಿ ಏಕೆ ಕೊಡಬೇಕು?

ಹೆಬ್ಬಾಳದ ಚಾಲಕ: ರಿಯಾಯಿತಿಯ ಮಾತು ಬಿಡಿ, ಇದ್ದದ್ದೂ ಹೋಯಿತು. 2025ರ ಸೆಪ್ಟೆಂಬರ್ 21ರವರೆಗೆ ಈ ಗಾತ್ರದ ಪೆಟ್ರೋಲ್ ಗಾಡಿಗೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ 45, ಹೈಬ್ರಿಡ್‌ಗೆ ಶೇ 43 ಇತ್ತು. ಈಗ ಎರಡಕ್ಕೂ ಶೇ 40. ಪೆಟ್ರೋಲ್ ಉಳಿಸುವವನಿಗೂ ಸುಡುವವನಿಗೂ ಒಂದೇ ದರ.

ಮೈಸೂರಿನ ನಿವೃತ್ತ ಬ್ಯಾಂಕ್ ಅಧಿಕಾರಿ: ಹಾಗಾದರೆ ಪೆಟ್ರೋಲ್ ಗಾಡಿಗೆ ಐದು ಅಂಶ ಇಳಿಯಿತು, ನಿಮ್ಮದಕ್ಕೆ ಮೂರು. ನನ್ನ 1,18,000ಕ್ಕೆ ಇನ್ನಷ್ಟು ಕಿ.ಮೀ. ಸೇರಿಸಲು ನೀವೇ ಕಾರಣ ಒದಗಿಸಿದ್ದೀರಿ.

ಹೆಬ್ಬಾಳದ ಚಾಲಕ: ಸೇರಿಸಿಕೊಳ್ಳಿ. ನನ್ನ ಓಡೋಮೀಟರ್ ಆ ಅಂಕಿಯನ್ನು ದಾಟಿದ ದಿನ ಫೋಟೊ ಇಲ್ಲೇ ಹಾಕುತ್ತೇನೆ.