ಅಬ್ಲೇಷನ್ ಆದ ಮೇಲೆ ನಾಡಿ 150ರಲ್ಲೇ ನಿಂತಿದೆ: ಚಿಕಿತ್ಸೆ ವಿಫಲವಾಯಿತೆಂದು ತಿಳಿಯಬೇಕೇ?

ಪ್ರಶ್ನೆ (ಶಿವಮೊಗ್ಗದಿಂದ)

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ 64 ವರ್ಷ. ಅವರಿಗೆ ಬಂದುಹೋಗುತ್ತಿದ್ದ ಎಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಬಡಿಯುವ ತೊಂದರೆ) ಮಾತ್ರೆಗಳಿಂದ ಹತೋಟಿಗೆ ಬಾರದ ಕಾರಣ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕ್ಯಾತಿಟರ್ ಅಬ್ಲೇಷನ್ (ರಕ್ತನಾಳದ ಮೂಲಕ ತೆಳು ಕೊಳವೆ ಹಾಯಿಸಿ, ಲಯ ಕೆಡಿಸುವ ಜಾಗವನ್ನು ಸುಡುವ ಚಿಕಿತ್ಸೆ) ಮಾಡಿಸಿ ಸುಮಾರು ಒಂದೂವರೆ ತಿಂಗಳಾಯಿತು. ಮೊದಲ ಕೆಲವು ವಾರಗಳು ನೆಮ್ಮದಿಯಿಂದ ಕಳೆದವು. ನಿನ್ನೆ ಸಂಜೆಯಿಂದ ಮತ್ತೆ ಎದೆಬಡಿತ ಜೋರಾಗಿದೆ. ಹಿಂದಿನ ಹಾಗೆ ತಾಳ ತಪ್ಪಿದ ಬಡಿತವಲ್ಲ, ಗಡಿಯಾರದಂತೆ ಒಂದೇ ಸಮನಾಗಿದೆ. ಬಿಪಿ ಯಂತ್ರದಲ್ಲಿ ನಾಡಿ 148ರಿಂದ 150 ತೋರಿಸುತ್ತಿದ್ದು, ಕುಳಿತರೂ ಮಲಗಿದರೂ ಬದಲಾಗುತ್ತಿಲ್ಲ. ಇಲ್ಲಿನ ವೈದ್ಯರು ಇಸಿಜಿ ನೋಡಿ ಇದು ಫ್ಲಟರ್ (ಹೃದಯದ ಮೇಲಿನ ಕೋಣೆಗಳು ಒಂದೇ ಸಮನೆ ಅತಿವೇಗವಾಗಿ ಬಡಿಯುವ ಲಯ) ಇರಬಹುದೆಂದೂ, ಅಬ್ಲೇಷನ್ ಮಾಡಿದವರನ್ನೇ ಕಾಣಬೇಕೆಂದೂ ಹೇಳಿದ್ದಾರೆ. ಇಷ್ಟೆಲ್ಲ ಖರ್ಚು ಮಾಡಿಯೂ ಫಲವಿಲ್ಲವೆಂದು ತಂದೆಯವರು ನೊಂದುಕೊಂಡು, ರಕ್ತ ತೆಳುವಾಗಿಸುವ ಮಾತ್ರೆಯನ್ನೂ ನಿಲ್ಲಿಸುವೆನೆನ್ನುತ್ತಿದ್ದಾರೆ. ಇಲ್ಲದಿದ್ದ ಫ್ಲಟರ್ ಈಗ ಎಲ್ಲಿಂದ ಬಂತು? ಎಷ್ಟು ದಿನ ಕಾದು ನೋಡಬಹುದು?

ಉತ್ತರ 1 (ಹೃದಯದ ಲಯದ ತೊಂದರೆಗಳಿಗೆ ಚಿಕಿತ್ಸೆ ನೀಡುವ ವೈದ್ಯ)

ಎಲ್ಲಕ್ಕಿಂತ ಮೊದಲು, ರಕ್ತ ತೆಳುವಾಗಿಸುವ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬೇಡಿ. ಅಬ್ಲೇಷನ್ ಆದ ಜಾಗ ಮಾಯುವ ತನಕ ಎಡ ಹೃತ್ಕರ್ಣದ (ಹೃದಯದ ಮೇಲಿನ ಎಡ ಕೋಣೆಯ) ಒಳಮೈ ಮೇಲೆ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚಿರುವುದರಿಂದ, ಲಯ ಸರಿಯಾಗಿರಲಿ ಬಿಡಲಿ, ಎರಡು ಮೂರು ತಿಂಗಳು ಎಲ್ಲರಿಗೂ ಈ ಮಾತ್ರೆ ಬೇಕೇ ಬೇಕು. ಆಮೇಲೆಯೂ ಅದನ್ನು ಮುಂದುವರಿಸಬೇಕೇ ಎಂಬುದನ್ನು ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಆಗಿರಬಹುದಾದ ಪಾರ್ಶ್ವವಾಯು ಇವುಗಳನ್ನು ನೋಡಿ ತೀರ್ಮಾನಿಸುತ್ತೇವೆಯೇ ಹೊರತು ಎದೆಬಡಿತ ನಿಂತಿತೆಂಬ ಕಾರಣಕ್ಕೆ ಅಲ್ಲ. ಇನ್ನೊಂದು ಕಾರಣವೂ ಇದೆ. ಕರೆಂಟ್ ಕೊಟ್ಟು ಲಯವನ್ನು ಸರಿಪಡಿಸುವ ಕಾರ್ಡಿಯೋವರ್ಷನ್ ಬೇಕಾಗಿ ಬಂದರೆ, ಹಿಂದಿನ ಮೂರು ವಾರ ಮಾತ್ರೆ ತಪ್ಪದೆ ತೆಗೆದುಕೊಂಡಿದ್ದೀರಾ ಎಂದು ಮೊದಲು ಕೇಳುತ್ತಾರೆ. ತಪ್ಪಿದ್ದರೆ ಅನ್ನನಾಳದ ಮೂಲಕ ಎಕೋ ಮಾಡಿ, ಹೆಪ್ಪು ಇಲ್ಲವೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಮುಂದುವರಿಯಬೇಕಾಗುತ್ತದೆ.

ಇನ್ನು ಫ್ಲಟರ್ ವಿಚಾರ. ಎಟ್ರಿಯಲ್ ಫಿಬ್ರಿಲೇಷನ್ನಿನ ಕಿಡಿ ಬಹುಪಾಲು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ಬರುವ ಅಭಿಧಮನಿಗಳಲ್ಲಿ ಹುಟ್ಟುತ್ತದೆಂಬುದನ್ನು ಫ್ರಾನ್ಸಿನ ಬೋರ್ಡೋ ನಗರದ ಹೈಸಾಗೇರ್ ಮತ್ತು ಅವರ ಸಂಗಡಿಗರು 1998ರಲ್ಲಿ ತೋರಿಸಿದರು. ಆ ಅಭಿಧಮನಿಗಳ ಬಾಯಿಯ ಸುತ್ತ ಕಲೆ ಮೂಡಿಸಿ, ವಿದ್ಯುತ್ ಸಂಕೇತ ಹೃತ್ಕರ್ಣಕ್ಕೆ ದಾಟದಂತೆ ಮಾಡುವುದೇ ಇಂದಿನ ಅಬ್ಲೇಷನ್ನಿನ ತಿರುಳು. ಆದರೆ ಮಾಯುವಾಗ ಆ ಸುತ್ತುಗಟ್ಟಿನಲ್ಲಿ ಎಲ್ಲಾದರೂ ಸಣ್ಣ ಸಂದು ಉಳಿದರೆ, ಸಂಕೇತವು ಅದರಲ್ಲಿ ನುಸುಳಿ ಕಲೆಯನ್ನು ಬಳಸಿಕೊಂಡು ಒಂದೇ ದಾರಿಯಲ್ಲಿ ಸುತ್ತತೊಡಗುತ್ತದೆ. ಮೈಟ್ರಲ್ ಕವಾಟದ ಸುತ್ತ, ಎಡ ಹೃತ್ಕರ್ಣದ ಮೇಲ್ಭಾಗದಲ್ಲಿ, ಇಲ್ಲವೇ ಬಲ ಹೃತ್ಕರ್ಣದಲ್ಲೂ ಇಂಥ ಸುತ್ತು ಏಳಬಹುದು. ಹೃತ್ಕರ್ಣ ನಿಮಿಷಕ್ಕೆ 300ರಂತೆ ಬಡಿಯುವಾಗ, ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ಸಂಕೇತ ದಾಟಿಸುವ ಎವಿ ನೋಡ್ ಎರಡರಲ್ಲಿ ಒಂದನ್ನು ಮಾತ್ರ ಕೆಳಗೆ ಬಿಡುವುದರಿಂದ ನಾಡಿ 150ಕ್ಕೆ ನಿಲ್ಲುತ್ತದೆ. ನಿಮ್ಮ ಯಂತ್ರದ ಅಂಕಿ ಅಲುಗಾಡದಿರುವುದಕ್ಕೆ ಬಹುಶಃ ಇದೇ ಕಾರಣ. ಅಭಿಧಮನಿಗಳ ಸುತ್ತಲ್ಲದೆ ಬೇರೆ ಕಡೆಯೂ ಕಲೆಯ ಗೆರೆ ಹಾಕಿದ್ದಾರೆಯೇ ಎಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ನೋಡಿ. ಹೆಚ್ಚುವರಿ ಗೆರೆಗಳಿಂದ ಹೆಚ್ಚಿನ ಲಾಭವಿಲ್ಲವೆಂದು 2015ರಲ್ಲಿ ಪ್ರಕಟವಾದ ಸ್ಟಾರ್ ಎಎಫ್ 2 ಅಧ್ಯಯನ ತೋರಿಸಿದೆ. ಪೂರ್ತಿಯಾಗದ ಗೆರೆಯೇ ಹೊಸ ಸುತ್ತಿಗೆ ದಾರಿಯಾಗುವುದೂ ಉಂಟು.

ಮೊದಲ ವಾರಗಳ ಲಯದೋಷವನ್ನು ನಾವು ಸೋಲೆಂದು ಎಣಿಸುವುದಿಲ್ಲ, ಏಕೆಂದರೆ ಸುಟ್ಟ ಜಾಗದ ಉರಿಯೂತವೇ ಅದಕ್ಕೆ ಕಾರಣವಾಗಿರಬಹುದು. ಈ ವಿನಾಯಿತಿಯ ಅವಧಿ ಮೊದಲು ಮೂರು ತಿಂಗಳಿದ್ದುದನ್ನು 2024ರ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಹೇಳಿಕೆ ಎಂಟು ವಾರಕ್ಕೆ ಇಳಿಸಿತು. ನಿಮ್ಮ ತಂದೆಯವರು ಆ ಅವಧಿಯ ಕೊನೆಯ ಭಾಗದಲ್ಲಿದ್ದಾರೆ. ಮೊದಲ ವಾರದಲ್ಲಿ ಬಂದದ್ದಕ್ಕಿಂತ ಈಗ ಬಂದದ್ದು ಮರುಕಳಿಸುವ ಸಂಭವ ಹೆಚ್ಚು ಎಂಬುದನ್ನು ಮುಚ್ಚಿಡಲಾರೆ. ಆದರೂ ಇಷ್ಟರಿಂದಲೇ ಚಿಕಿತ್ಸೆ ಸೋತಿತೆಂದು ಹೇಳಲಾಗದು.

ವಿನಾಯಿತಿಯ ಅವಧಿ ಎಂದರೆ ಮನೆಯಲ್ಲಿ ಕಾಯುವ ಅವಧಿ ಎಂದಲ್ಲ. ನಾಡಿ 150ರಲ್ಲೇ ವಾರಗಟ್ಟಲೆ ಉಳಿದರೆ ಹೃದಯದ ಸ್ನಾಯು ಸೋಲುತ್ತದೆ. ಇಂದೋ ನಾಳೆಯೋ ಹೋಗಿ 12 ಲೀಡಿನ ಇಸಿಜಿ ಸಮೇತ ತಜ್ಞರನ್ನು ಕಾಣಿ. ಎದೆನೋವು, ಏದುಸಿರು, ಪ್ರಜ್ಞೆ ತಪ್ಪುವುದು, ಮಾತು ತೊದಲುವುದು ಕಂಡರೆ ಹತ್ತಿರದ ತುರ್ತು ಚಿಕಿತ್ಸಾ ವಿಭಾಗಕ್ಕೆ ಆ ಕ್ಷಣವೇ ಹೋಗಬೇಕು. ಲಯ ಸರಿಪಡಿಸಲು ಕೊಡುವ ಫ್ಲೆಕೈನೈಡ್‌ನ ಹಳೆಯ ಮಾತ್ರೆ ಮನೆಯಲ್ಲಿ ಉಳಿದಿದ್ದರೆ ತಾವಾಗಿಯೇ ಕೊಡಬೇಡಿ. ನಾಡಿಯ ವೇಗ ತಗ್ಗಿಸುವ ಬೀಟಾ ಬ್ಲಾಕರ್ ಇಲ್ಲದೆ ಅದನ್ನು ಒಂದನ್ನೇ ಕೊಟ್ಟಾಗ ಹೃತ್ಕರ್ಣದ ವೇಗ ಸ್ವಲ್ಪ ತಗ್ಗಿ, ಪ್ರತಿಯೊಂದು ಬಡಿತವೂ ಕೆಳಗಿಳಿದು ನಾಡಿ 200 ದಾಟಿದ ಪ್ರಸಂಗಗಳಿವೆ.

ಲಯಕ್ಕೆ ಸಂಬಂಧಿಸದ ಒಂದು ಮಾತನ್ನೂ ಹೇಳಬೇಕು. ಅಬ್ಲೇಷನ್ ಆದ ಎರಡು ತಿಂಗಳೊಳಗೆ ಜ್ವರ, ನುಂಗುವಾಗ ನೋವು, ಇಲ್ಲವೇ ಕೈಕಾಲಿನ ಬಲಹೀನತೆ ಬಂದರೆ, ಅದು ಅನ್ನನಾಳಕ್ಕಾದ ಗಾಯದ ಲಕ್ಷಣವಿರಬಹುದು. ಬಲು ಅಪರೂಪ, ಆದರೆ ಪ್ರಾಣಾಂತಿಕ. ಆಗ ಎಂಡೋಸ್ಕೋಪಿ ಮಾಡಿಸದೆ, ಅಬ್ಲೇಷನ್ ಆದದ್ದನ್ನು ತಿಳಿಸಿ ಎದೆಯ ಸಿಟಿ ಸ್ಕ್ಯಾನ್ ಮಾಡಿಸಬೇಕು.

ಪ್ರಶ್ನೆ ಕೇಳಿದವರು

ತಮ್ಮ ವಿವರಣೆಯನ್ನು ತಂದೆಯವರಿಗೆ ಓದಿ ಹೇಳಿದೆ. ಮಾತ್ರೆ ಬಿಡುವುದಿಲ್ಲವೆಂದು ಒಪ್ಪಿದ್ದಾರೆ. ಇಂದು ಬೆಳಗಿನ ಜಾವ ಬಡಿತ ತಾನಾಗಿಯೇ ಸರಿಹೋಯಿತು, ಆದರೆ ಸರಿಹೋದ ಆ ಗಳಿಗೆಯಲ್ಲಿ ಒಂದೆರಡು ಕ್ಷಣ ಕಣ್ಣು ಕತ್ತಲಿಟ್ಟಿತಂತೆ. ಈಗ ನಾಡಿ 86 ಇದೆ. ಅಬ್ಲೇಷನ್ನಿಗೆ ಮೊದಲು, ಲಯ ಸರಿಯಿದ್ದ ದಿನಗಳಲ್ಲಿ, 65ರ ಆಸುಪಾಸಿನಲ್ಲಿರುತ್ತಿತ್ತು. ಇದೂ ತೊಂದರೆಯೇ? ಇನ್ನು ಬೆಂಗಳೂರಿಗೆ ಹೋಗುವ ಅಗತ್ಯವಿದೆಯೇ?

ಉತ್ತರ 2 (ಅಬ್ಲೇಷನ್ ಮಾಡಿಸಿಕೊಂಡವರು, ಧಾರವಾಡ)

ನಾಡಿ ಏರಿದ್ದರ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನನಗೂ ಅಬ್ಲೇಷನ್ ಆದ ಮೇಲೆ ವಿಶ್ರಾಂತಿಯಲ್ಲಿರುವಾಗಿನ ನಾಡಿ ಹಾಗೆಯೇ ಏರಿ, ಹಲವು ತಿಂಗಳು ಅಲ್ಲೇ ಇತ್ತು. ಹೃದಯದ ವೇಗವನ್ನು ತಗ್ಗಿಸುವ ನರಗಳ ಗಂಟುಗಳು ಅದೇ ಅಭಿಧಮನಿಗಳ ಪಕ್ಕದಲ್ಲಿರುವುದರಿಂದ, ಅವಕ್ಕೂ ಬಿಸಿ ತಗುಲಿ ಹೀಗಾಗುತ್ತದೆಂದು ನಮ್ಮ ವೈದ್ಯರು ತಿಳಿಸಿದ್ದರು. ಆ ಅಂಕಿಯನ್ನು ನೋಡಿ ನಾನು ಪಟ್ಟ ಆತಂಕವನ್ನು ನಿಮ್ಮ ತಂದೆಯವರು ಪಡದಿರಲಿ ಎಂದು ಬರೆದೆ. ಬಿಪಿ ಯಂತ್ರ ಲಯವನ್ನು ಹೇಳಲಾರದು. ಎದೆಬಡಿತ ಬಂದಾಗಲೇ ಇಸಿಜಿ ತೆಗೆಸಿ, ಆ ಹಾಳೆಯನ್ನು ಜೋಪಾನವಾಗಿಡಿ.

ಉತ್ತರ 3 (ಮೇಲಿನ ವೈದ್ಯ)

ಧಾರವಾಡದವರು ಹೇಳಿದ್ದು ಸರಿ. 86 ನನಗೆ ಚಿಂತೆಯ ವಿಷಯವಲ್ಲ. ಕಣ್ಣು ಕತ್ತಲಿಟ್ಟದ್ದು ಚಿಂತೆಯ ವಿಷಯ. ವೇಗದ ಲಯ ಥಟ್ಟನೆ ನಿಂತಾಗ, ಹೃದಯದ ಸಹಜ ಲಯವನ್ನು ಹೊರಡಿಸುವ ಸೈನಸ್ ನೋಡ್ ಎಚ್ಚೆತ್ತುಕೊಳ್ಳಲು ಕೆಲವು ಸೆಕೆಂಡು ತಡಮಾಡಬಹುದು, ಆ ಬಿಡುವಿನಲ್ಲಿ ಮಿದುಳಿಗೆ ರಕ್ತ ಸಾಲದಾಗುತ್ತದೆ. ಆದ್ದರಿಂದ ಬಡಿತ ಸರಿಹೋಗಿದ್ದರೂ ಬೆಂಗಳೂರಿನ ಭೇಟಿಯನ್ನು ಕೈಬಿಡಬೇಡಿ, ಹೊರಡುವ ಮುನ್ನ ಇಂದೇ ಅಲ್ಲಿಗೆ ಫೋನ್ ಮಾಡಿ ಈ ವಿಷಯ ತಿಳಿಸಿ. ಹೋಲ್ಟರ್ (ಮೈಮೇಲೆ ಧರಿಸಿ ಬಿಡದೆ ಇಸಿಜಿ ದಾಖಲಿಸುವ ಸಣ್ಣ ಯಂತ್ರ) ಅಳವಡಿಸಿ ಬಿಡುವು ಎಷ್ಟು ಉದ್ದವಿದೆ ಎಂದು ಅಳೆಯುತ್ತಾರೆ. ಬೀಟಾ ಬ್ಲಾಕರ್ ಪ್ರಮಾಣವನ್ನು ಯಾರಾದರೂ ಹೆಚ್ಚಿಸಲು ಹೊರಟರೆ ಈ ಘಟನೆಯನ್ನು ಅವರಿಗೆ ಮೊದಲೇ ಹೇಳಬೇಕು, ಏಕೆಂದರೆ ವೇಗವನ್ನು ತಗ್ಗಿಸುವ ಔಷಧವೇ ಬಿಡುವನ್ನು ಹಿಗ್ಗಿಸಬಲ್ಲದು. ಫ್ಲಟರ್ ಪದೇ ಪದೇ ಬರುವುದಾದರೆ ಎರಡನೆಯ ಅಬ್ಲೇಷನ್ ಮಾಡಿ ಉಳಿದ ಸಂದನ್ನು ಮುಚ್ಚುತ್ತಾರೆ. ವೇಗದ ಲಯ ನಿಂತರೆ ಅದರ ಬೆನ್ನಿಗೆ ಬರುವ ಬಿಡುವೂ ಅನೇಕರಲ್ಲಿ ನಿಲ್ಲುತ್ತದೆ. ಸೈನಸ್ ನೋಡೇ ದುರ್ಬಲವಾಗಿರುವ ಕೆಲವರಿಗೆ ಮಾತ್ರ ಪೇಸ್‌ಮೇಕರ್ ಬೇಕಾಗುತ್ತದೆ. ಹೋಲ್ಟರ್ ವರದಿ ಬರುವ ತನಕ ತಂದೆಯವರು ವಾಹನ ಓಡಿಸುವುದು ಬೇಡ, ಸ್ನಾನದ ಕೋಣೆಯ ಚಿಲಕವನ್ನು ಒಳಗಿನಿಂದ ಹಾಕಿಕೊಳ್ಳುವುದೂ ಬೇಡ.